ಯಾವುದರ ಮಿಲಿಲೀಟರು?

ಸ್ಟಾಫ್ ರೂಮಿನ ಕರಿಹಲಗೆಯ ಮೇಲೆ ನಾನು ಬರೆದ ಲೆಕ್ಕವನ್ನು ಎಷ್ಟೋ ದಿನ ಯಾರೂ ಒರೆಸಲಿಲ್ಲ. "ಇರಲಿ ಬಿಡಿ, ಡ್ರಿಲ್ ಮೇಷ್ಟ್ರು ಬರೆದದ್ದು, ಅಚ್ಚುಕಟ್ಟಾಗಿದೆ" ಎಂದು ಗಣಿತದ ಮೇಷ್ಟ್ರು ಹೇಳಿದ್ದರು. ಆ ಮಾತಿಗೆ ನಾನು ಉಬ್ಬಿಹೋಗಿದ್ದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನಾಗ ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಒಂದು ಸೀಟಿ, ಒಂದು ಸ್ಟಾಪ್‌ವಾಚು, ಸುಣ್ಣದ ಪುಡಿಯ ಬಕೆಟ್ಟು, ಸದಾ ಗಾಳಿ ಹೋದ ಎರಡು ವಾಲಿಬಾಲು, ನನ್ನ ರಾಜ್ಯ ಇಷ್ಟೇ. ಯಾರಾದರೂ ರಜೆ ಹಾಕಿದರೆ ಅವರ ಪೀರಿಯಡ್ಡಿಗೆ ನನ್ನನ್ನು ಕಳಿಸುತ್ತಿದ್ದರು. "ಗಲಾಟೆ ಮಾಡದ ಹಾಗೆ ನೋಡಿಕೊಳ್ಳಿ, ಸಾಕು" ಎನ್ನುತ್ತಿದ್ದರೇ ಹೊರತು ಪಾಠ ಮಾಡಿ ಎಂದವರು ಒಬ್ಬರೂ ಇಲ್ಲ. ಅಂಕಗಳ ಮಾತು, ಪಠ್ಯದ ಮಾತು ಬಂದಾಗ ನನ್ನ ಕಡೆ ಯಾರೂ ತಿರುಗುತ್ತಿರಲಿಲ್ಲ. ನಾನೂ ಕಿಟಕಿಯಾಚೆ ನೋಡಿಕೊಂಡು ಕೂತುಬಿಡುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು.

ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿದ್ದ ಕಾಲ ಅದು. ಶಾಲಾ ಕ್ರೀಡಾಕೂಟಕ್ಕೆ ನಮ್ಮದೇ ತಂಡ ಹೋಗುವುದು ಅದೇ ಮೊದಲು. ಅದಕ್ಕೂ ಮುಂಚೆ ನಮ್ಮ ಮಕ್ಕಳು ಮೈಸೂರಿನ ಮಕ್ಕಳ ಬೆನ್ನು ನೋಡಿಕೊಂಡು ವಾಪಸು ಬರುತ್ತಿದ್ದರು. ಈ ಸಲ ಚಾಮರಾಜನಗರದ ಮೈದಾನದಲ್ಲಿ ನಡೆದ ಆಯ್ಕೆಯಲ್ಲಿ ಮೂರು ಸಾವಿರ ಮೀಟರ್ ಓಟವನ್ನು ಗೆದ್ದವಳು ನನ್ನ ಶಾಲೆಯ ಹುಡುಗಿ, ಭೀಮನಬೀಡಿನವಳು. ಅಪ್ಪ ಬೇರೆಯವರ ಹೊಲದಲ್ಲಿ ಅರಿಸಿನದ ಕೆಲಸಕ್ಕೆ ಹೋಗುವಾತ, ಮನೆಯಲ್ಲಿ ಒಂದು ಹಸು. ಬೆಳಿಗ್ಗೆ ಊರಿನ ಹಾಲಿನ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಮನೆಗೆ ಓಡಿಕೊಂಡೇ ಹೋಗುತ್ತಿದ್ದಳು. ಒಮ್ಮೆ ಆ ಊರಿಗೆ ಯಾವುದೋ ಕೆಲಸಕ್ಕೆ ಹೋದವನು ಅದನ್ನು ಕಂಡೆ. ಕ್ಯಾನು ಕೈಯಲ್ಲಿ ಲಟಲಟ ಅನ್ನುತ್ತಿದ್ದರೂ ಅವಳ ಭುಜ ಅಲುಗಾಡುತ್ತಿರಲಿಲ್ಲ. ಆ ಓಟ ನೋಡಿದ ಮೇಲೆ ನಾನು ಅವಳನ್ನು ಬಿಡಲಿಲ್ಲ.

ಎರಡು ವರ್ಷ ಓಡಿಸಿದೆ. ನನ್ನ ಅಳತೆಯ ಹುಚ್ಚನ್ನೂ ಅವಳಿಗೆ ಹತ್ತಿಸಿದೆ. "ನಿನ್ನ ವೇಗಕ್ಕೆ ಒಂದು ಸೆಕೆಂಡ್ ಅಂದ್ರೆ ನಾಲ್ಕು ಮೀಟರು, ಚೂರು ಮೇಲೆ. ಕೊನೇ ಸುತ್ತಿನಲ್ಲಿ ಎರಡು ಸೆಕೆಂಡ್ ಕಳಕೊಂಡ್ರೆ ಎಂಟು ಮೀಟರ್ ಹಿಂದೆ ಬಿದ್ದೆ ಅಂತ ತಿಳ್ಕೋ" ಎಂದು ಹೇಳಿಕೊಟ್ಟಿದ್ದೆ. ಓಟ ಮುಗಿಸಿ ಏದುಸಿರು ಬಿಡುತ್ತಲೇ ಅವಳು ಸೆಕೆಂಡನ್ನು ಮೀಟರಿಗೆ ತಿರುಗಿಸಿ ನನಗೆ ಒಪ್ಪಿಸುತ್ತಿದ್ದಳು.

ರಾಜ್ಯ ಕೂಟ ಮೈಸೂರಿನಲ್ಲಿತ್ತು. ಅಲ್ಲಿ ಗೆದ್ದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ, ಅಲ್ಲೇ ಊಟ, ಅಲ್ಲೇ ಓದು. ಅವಳ ಅಪ್ಪ ನನಗೆ ಕಡ್ಡಿ ಮುರಿದಂತೆ ಹೇಳಿದ್ದ: "ಆಸ್ಟೆಲ್ ಸಿಕ್ಕುದ್ರೆ ಓಯ್ತಾಳೆ ಸಾ, ಓದ್ಲಿ. ಸಿಕ್ನಿಲ್ಲ ಅಂದ್ರೆ ಅತ್ನೇ ಕ್ಲಾಸ್ಗೇ ನಿಲ್ಲುಸ್ಬುಡ್ತೀನಿ. ಅಷ್ಟ್ ದೂರದ್ ಕಾಲೇಜ್ಗೆ ಕಳ್ಸಕ್ಕೆ ನನ್ಗಾಗಾಕಿಲ್ಲ." ಹಾಗಾಗಿ ಆ ಒಂದು ಓಟದ ಮೇಲೆ ಏನೇನು ನಿಂತಿದೆ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅದೇ ವರ್ಷ ನಮ್ಮಂಥ ಮೇಷ್ಟ್ರುಗಳಿಗೆ ಬೆಂಗಳೂರಿನಲ್ಲಿ ಒಂದು ತರಬೇತಿ ನಡೆದಿತ್ತು. ಕ್ರೀಡಾಪಟುಗಳು ಸೇವಿಸಬಾರದ ಪದಾರ್ಥಗಳ ಬಗ್ಗೆ ಒಬ್ಬರು ಉಪನ್ಯಾಸ ಕೊಟ್ಟು, ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆ ಹಂಚಿದರು. ಕೆಫೀನ್ ಕೂಡ ಆ ಪಟ್ಟಿಯಲ್ಲಿತ್ತು. ಮೂತ್ರದ ಒಂದು ಮಿಲಿಲೀಟರಿನಲ್ಲಿ ಅದು ಹನ್ನೆರಡು ಮೈಕ್ರೋಗ್ರಾಂ ಮೀರಿದರೆ ತಪ್ಪಿತಸ್ಥರು. ಹಾಳೆಯ ಬೆನ್ನಿಗೆ ಕಾಫಿ, ಟೀ, ತಂಪು ಪಾನೀಯಗಳಲ್ಲಿ ಎಷ್ಟೆಷ್ಟು ಕೆಫೀನ್ ಎಂಬ ಅಮೆರಿಕದ ಒಂದು ಪಟ್ಟಿ. "ಇನ್ನು ಮೇಲೆ ಯಾವ ಕೂಟದಲ್ಲಿ ಬೇಕಾದರೂ ಪರೀಕ್ಷೆ ನಡೆಯಬಹುದು, ಹುಷಾರು" ಎಂದು ಅವರು ಎಚ್ಚರಿಸಿದರು. ಪಕ್ಕದಲ್ಲಿದ್ದವರು ಆ ಹಾಳೆಯಲ್ಲಿ ಬೀಸಿಕೊಳ್ಳುತ್ತಿದ್ದರು. ನಾನು ಮಾತ್ರ ಮಡಿಚಿ ಜೋಪಾನವಾಗಿ ತಂದೆ. ನನ್ನ ಕೆಲಸಕ್ಕೂ ಒಂದು ವಿಜ್ಞಾನ ಇದೆ ಎಂದು ಯಾರೋ ಮೊದಲ ಸಲ ನನಗೆ ಬರೆದು ಕೊಟ್ಟಂತಾಗಿತ್ತು.

ಮೈಸೂರಿಗೆ ಹೊರಡುವ ವಾರದ ಭಾನುವಾರ ಹುಡುಗಿಯ ಅಕ್ಕನ ಬೀಗರೂಟ. ಬಾಡೂಟ ಆದ ಮೇಲೆ ಕಲರ್ ಕುಡಿಯದಿದ್ದರೆ ಉಂಡದ್ದು ಇಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಕಲರ್ ಎಂದರೆ ಬಾಟಲಿಯಲ್ಲಿ ಬರುವ ಯಾವ ತಂಪು ಪಾನೀಯವಾದರೂ ಸರಿ. ಆಗ ಕರೀ ಕಲರಿನ, ಎಂದರೆ ಕೋಲಾದ, ಜೋರು. ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರದ ಕೂಲ್‌ಡ್ರಿಂಕ್ಸ್ ಅಂಗಡಿಯ ಭಾಯಿ ನನ್ನನ್ನು ಕೂಗಿ ನಿಲ್ಲಿಸಿದರು. ಬೀಗರೂಟಕ್ಕೆ ಕ್ರೇಟು ಕೊಟ್ಟವರು ಅವರೇ.

"ಮೇಷ್ಟ್ರೇ, ನಿಮ್ ಓಟದ್ ಹುಡ್ಗಿ ಕಾಲ್ ಅಷ್ಟೇ ಅಲ್ಲ, ಬಾಯೂ ಜೋರು ಕಣ್ರೀ. ಹುಡುಗ್ರ ಜೊತೆ ಪಂದ್ಯ ಕಟ್ಟಿ ಕರೀ ಕಲರ್ ನಾಲ್ಕ್ ಬಾಟ್ಲಿ ಎತ್ಬುಟ್ಳು. ನಾನೇ ಮುಚ್ಳ ತೆಗ್ದು ಕೊಟ್ಟೆ."

ಅವರು ನಕ್ಕರು. ನನಗೆ ಮಾತ್ರ ಬೆಂಗಳೂರಿನ ಆ ಹಾಳೆ ನೆನಪಾಯಿತು. ಅವರಿಂದ ಒಂದು ಬಾಟಲಿ ಕರೀ ಕಲರ್ ತೆಗೆದುಕೊಂಡು ನೇರ ಶಾಲೆಗೆ ಹೋದೆ.

ಈಗ ನನ್ನ ಶಾಸ್ತ್ರೀಯ ಸಂಶೋಧನೆಯ ಕಥೆ ಕೇಳಿ. ಬಾಟಲಿಯ ಮೇಲೆ ಮುನ್ನೂರು ಮಿಲಿಲೀಟರ್ ಎಂದು ಬರೆದಿತ್ತು, ಆದರೆ ನಾನು ನಂಬಬೇಕಲ್ಲ. ವಿಜ್ಞಾನದ ಕೊಠಡಿಯಿಂದ ಅಳತೆಯ ಸಿಲಿಂಡರ್ ತಂದೆ. ಸುರಿದರೆ ಬರೀ ನೊರೆ. ನೊರೆ ಇಳಿಯಲೆಂದು ಒಂದು ಪೀರಿಯಡ್ ಪೂರ್ತಿ ಕಾದೆ, ಗಾಜಿನ ಕಡ್ಡಿಯಿಂದ ಕಲಕಿ ಗ್ಯಾಸು ಬಿಡಿಸಿದೆ, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಿದೆ. ಮುನ್ನೂರೇ ಇತ್ತು. ಬಾಟಲಿಯಲ್ಲಿ ಕೆಫೀನ್ ಎಷ್ಟಿದೆ ಎಂದು ಎಲ್ಲೂ ಬರೆದಿರಲಿಲ್ಲ. ಅಮೆರಿಕದ ಪಟ್ಟಿಯಲ್ಲಿ ಹನ್ನೆರಡು ಔನ್ಸಿನ ಡಬ್ಬಿಗೆ ಸುಮಾರು ಮೂವತ್ತಾರು ಮಿಲಿಗ್ರಾಂ ಎಂದಿತ್ತು. ಹಾಗಾದರೆ ಔನ್ಸನ್ನು ಮಿಲಿಲೀಟರಿಗೆ ತಿರುಗಿಸಬೇಕು.

ಮಧ್ಯಾಹ್ನ ಊಟದ ಹೊತ್ತಿಗೆ ಲೆಕ್ಕವನ್ನು ಸ್ಟಾಫ್ ರೂಮಿನ ಹಲಗೆಯ ಮೇಲೆ ಹಾಕತೊಡಗಿದೆ. ಹಾಳೆಯಲ್ಲೇ ಹಾಕಬಹುದಿತ್ತು. ಎಲ್ಲರೂ ನೋಡಲಿ ಎಂಬ ಆಸೆ, ಅಷ್ಟೇ. ನೋಡಿದರು ಕೂಡ. ಇಂಗ್ಲಿಷ್ ಮೇಷ್ಟ್ರು ನಿಘಂಟಿನ ಕೊನೆಯ ಪುಟ ತಿರುವಿ ಇಪ್ಪತ್ತೆಂಟು ಚಿಲ್ಲರೆ ಗ್ರಾಂ ಎಂದರು. "ಅದು ತೂಕದ ಔನ್ಸು ಸಾರ್, ನಮಗೆ ಬೇಕಿರೋದು ದ್ರವದ್ದು" ಎಂದು ಗಣಿತದ ಮೇಷ್ಟ್ರು ತಿದ್ದಿ, ತಮ್ಮ ಹಳೆಯ ಪುಸ್ತಕದಿಂದ ಇಪ್ಪತ್ತೆಂಟು ಪಾಯಿಂಟ್ ನಾಲ್ಕು ಒಂದು ತೆಗೆದರು. ವಿಜ್ಞಾನದ ಮೇಷ್ಟ್ರು ಕೈ ಅಡ್ಡ ಹಾಕಿ, ಅದು ಬ್ರಿಟಿಷರ ಔನ್ಸು, ಅಮೆರಿಕದವರದು ಇಪ್ಪತ್ತೊಂಬತ್ತು ಪಾಯಿಂಟ್ ಐದು ಏಳು ಎಂದರು. ಮೆಡಿಕಲ್ ಸ್ಟೋರಿನವರು ಮೂವತ್ತು ಹಿಡಿಯುತ್ತಾರೆ ಎಂದು ಇನ್ನೊಬ್ಬರ ಸಾಕ್ಷಿ. ಡಬ್ಬಿಯ ಅನ್ನ ಆರಿಹೋಗುವವರೆಗೂ ವಾದ ನಡೆಯಿತು. ಆ ವಾದದ ನಟ್ಟನಡುವೆ ಸೀಮೆಸುಣ್ಣ ಹಿಡಿದು ನಿಂತವನು ನಾನು. ಅಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ನನಗೆ ಅಂಥ ಸುಖ ಸಿಕ್ಕಿರಲಿಲ್ಲ.

ಕೊನೆಗೆ ಅಮೆರಿಕದ ಔನ್ಸೇ ಗೆದ್ದಿತು. ಹನ್ನೆರಡು ಔನ್ಸು ಮುನ್ನೂರೈವತ್ತೈದು ಮಿಲಿಲೀಟರು. ಮೂವತ್ತಾರು ಮಿಲಿಗ್ರಾಂ ಎಂದರೆ ಮೂವತ್ತಾರು ಸಾವಿರ ಮೈಕ್ರೋಗ್ರಾಂ. ಭಾಗಿಸಿದರೆ ಒಂದು ಮಿಲಿಲೀಟರಿಗೆ ನೂರಾ ಒಂದು ಮೈಕ್ರೋಗ್ರಾಂ. ಅದನ್ನು ಬರೆದು ಅಡಿಗೆರೆ ಎಳೆದೆ. ಅದರ ಪಕ್ಕದಲ್ಲಿ ಮಿತಿಯನ್ನು ಬರೆಯಬೇಕಿತ್ತು.

ಮೂತ್ರದ ಒಂದು ಮಿಲಿಲೀಟರಿನಲ್ಲಿ ಹನ್ನೆರಡು ಮೈಕ್ರೋಗ್ರಾಂ. ಹಾಳೆಯಲ್ಲಿ ಹಾಗೇ ಇತ್ತು. 'ಮೂ' ಎಂದು ಬರೆಯಲು ಕೈ ಎತ್ತಿದವನು ತಡೆದೆ. ಹಿಂದಿ ಮೇಡಂ, ಹೊಲಿಗೆಯ ಮೇಡಂ ಊಟ ಮಾಡುತ್ತಾ ಹಲಗೆಯನ್ನೇ ನೋಡುತ್ತಿದ್ದರು. ಹೆಂಗಸರು ಉಣ್ಣುವ ಹೊತ್ತಿನಲ್ಲಿ ಆ ಪದ ಬರೆಯುವುದು ಸಭ್ಯತೆಯಲ್ಲ ಎನ್ನಿಸಿತು. ಅದನ್ನು ಬಿಟ್ಟು 'ಮಿತಿ: 12 ಮೈಕ್ರೋಗ್ರಾಂ / 1 ಮಿ.ಲೀ.' ಎಂದಷ್ಟೇ ಬರೆದೆ.

ಈಗ ಹಲಗೆಯ ಮೇಲೆ ಎರಡು ಸಂಖ್ಯೆಗಳು ಅಕ್ಕಪಕ್ಕ ನಿಂತವು. ಇದೂ ಮೈಕ್ರೋಗ್ರಾಂ, ಅದೂ ಮೈಕ್ರೋಗ್ರಾಂ. ಇದೂ ಮಿಲಿಲೀಟರಿಗೆ, ಅದೂ ಮಿಲಿಲೀಟರಿಗೆ. ಒಂದೇ ಬಟ್ಟೆ ತೊಟ್ಟ ಅವಳಿಗಳ ಹಾಗೆ ಕಂಡವು. ಗಣಿತದ ಮೇಷ್ಟ್ರು ಭಾಗಾಕಾರವನ್ನು ಬೆರಳಿನಲ್ಲಿ ತೋರುತ್ತಾ ಮತ್ತೊಮ್ಮೆ ಸರಿನೋಡಿದರು. "ಏಕಮಾನ ಹೊಂದುತ್ತೆ. ಎಂಟು ಪಟ್ಟು ಜಾಸ್ತಿ ಸಾರ್. ಯಾವ ಔನ್ಸ್ ಹಿಡಿದ್ರೂ ಎಂಟು ಪಟ್ಟಿಗೆ ಕಡಿಮೆ ಬರಲ್ಲ" ಎಂದು ತೀರ್ಪು ಕೊಟ್ಟರು. ನನ್ನ ಭುಜ ತಟ್ಟಿದರು.

ಒಂದು ಬಾಟಲಿಗೂ ನಾಲ್ಕು ಬಾಟಲಿಗೂ ನನ್ನ ಲೆಕ್ಕದಲ್ಲಿ ವ್ಯತ್ಯಾಸವೇ ಇರಲಿಲ್ಲ ಎಂಬುದನ್ನು ಆಗ ಗಮನಿಸಬೇಕಿತ್ತು. ಆ ಪ್ರಕಾರ ಅವಳು ಒಂದು ಚಮಚ ಕುಡಿದಿದ್ದರೂ ಎಂಟು ಪಟ್ಟೇ. ಗಮನಿಸಲಿಲ್ಲ. ಭುಜದ ಮೇಲೆ ಬಿದ್ದ ಕೈಯ ಮೇಲೆಯೇ ಗಮನವೆಲ್ಲ ಇತ್ತು.

ಸಿಕ್ಕಿಬಿದ್ದರೆ ಆಜೀವ ನಿಷೇಧವೂ ಆಗಬಹುದು ಎಂದು ಹಾಳೆಯಲ್ಲಿತ್ತು. ಹೊಸ ಜಿಲ್ಲೆಯ ಹೆಸರು ಮೊದಲ ವರ್ಷವೇ ಕೆಡುತ್ತದೆ ಎಂಬ ಭಯವೂ ಸೇರಿಕೊಂಡಿತು. ಹುಡುಗಿಯನ್ನು ಕರೆಸಿದೆ. ಪರೀಕ್ಷೆ ಎಂಥದು ಎಂದು ನಾನೇ ಹೇಳಲು ನಾಚಿಕೆ. ಹಿಂದಿ ಮೇಡಂಗೆ ಹೇಳಿದೆ, ಅವರು ಅವಳನ್ನು ವರಾಂಡದ ಮೂಲೆಗೆ ಕರೆದುಕೊಂಡು ಹೋಗಿ ತಿಳಿಸಿದರು. ಅಲ್ಲಿ ನೀರು ಕುಡಿಯುತ್ತಿದ್ದ ನಾಲ್ಕಾರು ಹುಡುಗಿಯರು ಕಿವಿ ನೆಟ್ಟಗೆ ಮಾಡಿಕೊಂಡದ್ದನ್ನು ನಾನೂ ನೋಡಿದೆ. ಅವಳು ತಿರುಗಿ ನನ್ನ ಹತ್ತಿರ ಬಂದಳು.

"ನಾಕ್ ಬಾಟ್ಲಿ ಕುಡ್ದದ್ ನಿಜ ಸಾ. ಆದ್ರೆ ಕುಡ್ದದ್ದು ಅಂಗಂಗೇ ಈಚ್ಗ್ ಬತ್ತದಾ ಸಾ?"

ಪಕ್ಕದಲ್ಲಿ ಮೇಡಂ ನಿಂತಿದ್ದರು. ನನ್ನ ಮುಖ ಕೆಂಪಾಯಿತು.

"ತಲೆಹರಟೆ ಮಾಡ್ಬೇಡ. ಮೇಷ್ಟ್ರ ಹತ್ರ ಕೇಳೋ ಮಾತಾ ಇದು?" ಎಂದು ಗದರಿದೆ. ಅವಳು ತಲೆ ತಗ್ಗಿಸಿದಳು.

ಮುಖ್ಯೋಪಾಧ್ಯಾಯರು ಹಲಗೆಯನ್ನು ನೋಡಿ ಹೌದೌದು ಎಂದರು. ಮರುದಿನ ನಾನು ಚಾಮರಾಜನಗರಕ್ಕೆ ಹೋಗಿ ಅವಳ ಹೆಸರು ತೆಗೆಸಿದೆ. ಅವಳ ಮರ್ಯಾದೆ ಉಳಿಯಲಿ ಎಂದು ನಿಜವಾದ ಕಾರಣ ಕೊಡದೆ 'ಅನಾರೋಗ್ಯ' ಎಂದು ಬರೆದುಕೊಟ್ಟೆ. ಆಯ್ಕೆಯಲ್ಲಿ ಎರಡನೆಯವಳಾಗಿದ್ದ ಹುಡುಗಿಯನ್ನು ಸೇರಿಸಿಕೊಂಡರು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಂಕಟವಿತ್ತು. ಆದರೆ ಒಂದು ಕಠಿಣ ಕರ್ತವ್ಯ ಮಾಡಿದ ಸಮಾಧಾನವೂ ಇತ್ತು ಎಂಬುದೇ ಹೇಸಿಗೆಯ ಮಾತು.

ತಂಡ ಹೊರಡುವ ಬೆಳಿಗ್ಗೆ ಚಾಮರಾಜನಗರದ ಸ್ಟೇಷನ್ನಿಗೆ ಅಪ್ಪ ಮಗಳು ಇಬ್ಬರೂ ಬಂದಿದ್ದರು. ಅವಳ ಕೈಯಲ್ಲಿ ಬಟ್ಟೆಯ ಚೀಲ, ಕಾಲಿನಲ್ಲಿ ಬಿಳಿ ಬಳಿದ ಕ್ಯಾನ್‌ವಾಸ್ ಶೂ. ಮೈಸೂರಿನ ರೈಲು ನಿಂತಿತ್ತು. ತಂಡದ ಜೊತೆ ಹೋಗುವವರಲ್ಲಿ ನಾನೂ ಒಬ್ಬ.

"ಇನ್ನೊಂದ್ಸಲ ನೋಡಿ ಸಾ. ಕೂಸು ಚೆನ್ನಾಗೇ ಅದೆ, ಜರ ಇಲ್ಲ ಏನಿಲ್ಲ" ಎಂದ ಅಪ್ಪ.

"ಜ್ವರದ ಮಾತಲ್ಲ ಅದು. ಅಲ್ಲಿ ಟೆಸ್ಟ್ ಮಾಡಿದ್ರೆ ಸಿಕ್ಕಿಬೀಳ್ತಾಳೆ. ಅವಳ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಏನ್ ಟೆಸ್ಟು ಸಾ?"

ಬೋಗಿಯ ಕಿಟಕಿಗಳಲ್ಲಿ ಮಕ್ಕಳ ತಲೆಗಳು ತುಂಬಿದ್ದವು. ಅಲ್ಲಿ ಆ ಪದ ಹೇಗೆ ಹೇಳಲಿ? "ಆಮೇಲೆ ಹೇಳ್ತೀನಿ, ಮನೆಗೆ ಹೋಗಿ" ಎಂದೆ. ಆತ ಬೋಗಿಯ ಕಡೆ ನೋಡಿ, "ಓಡ್ದೇ ಇದ್ರೂ ಪರ್ವಾಗಿಲ್ಲ ಸಾ, ಕರ್ಕೊಂಡೋಗಿ. ಮೈದಾನನಾರ ನೋಡ್ಕಂಡ್ ಬರ್ಲಿ" ಎಂದ. ಅದಕ್ಕೂ ನಾನು ಒಪ್ಪಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಕರೆದುಕೊಂಡು ಹೋಗುವ ಹಾಗಿಲ್ಲ ಎಂದು ನಿಯಮ ಹೇಳಿದೆ. ರೈಲು ಹೊರಟಾಗ ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ರೈಲಿನ ಚಕ್ರಗಳನ್ನು ನೋಡುತ್ತಿದ್ದಳು.

ಮೈಸೂರಿನ ಮೈದಾನದ ಬಾಗಿಲಲ್ಲೇ ಕಲರಿನ ಗಾಡಿ ನಿಂತಿತ್ತು. ಎಲ್ಲ ಜಿಲ್ಲೆಗಳ ಮಕ್ಕಳೂ ಕರೀ ಬಾಟಲಿಗೆ ಸ್ಟ್ರಾ ಹಾಕಿಕೊಂಡು ಹೀರುತ್ತಿದ್ದರು. ಇವರೆಲ್ಲ ಸಿಕ್ಕಿಬೀಳುತ್ತಾರಲ್ಲ ಎಂದು ಮರುಗಿದೆ. ಮೂರು ಸಾವಿರ ಮೀಟರಿನ ಓಟ ಶುರುವಾದಾಗ ನಾನು ಟ್ರ್ಯಾಕಿನ ಬದಿಯಲ್ಲಿ ಸ್ಟಾಪ್‌ವಾಚು ಒತ್ತಿ ನಿಂತೆ. ಪಕ್ಕದಲ್ಲಿ ಪ್ರಥಮ ಚಿಕಿತ್ಸೆಗೆಂದು ಬಂದಿದ್ದ ಸರ್ಕಾರಿ ಆಸ್ಪತ್ರೆಯ ವೈದ್ಯರು ಕುರ್ಚಿ ಹಾಕಿಕೊಂಡು ಕೂತಿದ್ದರು, ಇನ್ನೂ ಚಿಕ್ಕ ವಯಸ್ಸಿನವರು. ಮಾತಿಗೆ ಮಾತು ಬೆಳೆದು ನಾನು ನನ್ನ ಸಾಧನೆಯನ್ನು ಬಿಚ್ಚಿದೆ. ಔನ್ಸಿನಿಂದ ಹಿಡಿದು ನೂರಾ ಒಂದರ ತನಕ ಬಾಯಲ್ಲೇ ಲೆಕ್ಕ ಒಪ್ಪಿಸಿದೆ. "ಮಿತಿ ಹನ್ನೆರಡು ನೋಡಿ ಡಾಕ್ಟ್ರೇ, ಒಂದು ಮಿಲಿಲೀಟರಿಗೆ. ಇವಳದು ನೂರಾ ಒಂದು, ಒಂದು ಮಿಲಿಲೀಟರಿಗೆ."

ಅವರು ಗಮನವಿಟ್ಟು ಕೇಳಿದರು. ಆಮೇಲೆ ಕೇಳಿದರು:

"ಯಾವುದರ ಮಿಲಿಲೀಟರು, ಮೇಷ್ಟ್ರೇ?"

ಅಷ್ಟೇ ಕೇಳಿದ್ದು. ಹಲಗೆಯ ಮೇಲೆ ನಾನು ಬಿಟ್ಟ ಜಾಗ ಕಣ್ಣಮುಂದೆ ಬಂತು. ಒಂದು ಬಾಟಲಿಯ ಮಿಲಿಲೀಟರು, ಇನ್ನೊಂದು ಮೂತ್ರದ ಮಿಲಿಲೀಟರು. ಕುಡಿದದ್ದು ಹಾಗೆ ಹಾಗೆಯೇ ಈಚೆಗೆ ಬರುತ್ತದೆಯೇ ಎಂದು ಅವಳು ಕೇಳಿದ್ದು ಇದನ್ನೇ.

ವೈದ್ಯರು ಪಾಪ, ನನ್ನನ್ನು ಗೇಲಿ ಮಾಡಲಿಲ್ಲ. ಕುಡಿದದ್ದು ರಕ್ತಕ್ಕೆ ಹೋಗಿ ಮೈಯ ನೀರಿನಲ್ಲೆಲ್ಲ ಹರಡುತ್ತದೆ, ಬಹುಪಾಲನ್ನು ಪಿತ್ತಜನಕಾಂಗ ಕರಗಿಸಿಬಿಡುತ್ತದೆ, ಹೊರಗೆ ಬರುವುದು ತೀರ ಅಲ್ಪ ಎಂದು ಬಿಡಿಸಿ ಹೇಳಿದರು. ಆ ಮಿತಿ ಮುಟ್ಟಬೇಕಾದರೆ ಗಟ್ಟಿ ಕಾಫಿಯನ್ನು ಲೋಟದ ಮೇಲೆ ಲೋಟ ಬಿಡದೆ ಕುಡಿಯಬೇಕು, ಭಾನುವಾರ ಕುಡಿದ ಕಲರು ಇಷ್ಟು ಹೊತ್ತಿಗೆ ಮೈಯಲ್ಲಿ ಹೆಸರಿಗೂ ಇರುವುದಿಲ್ಲ ಎಂದರು. "ಅದೂ ಅಲ್ಲದೆ ಇಲ್ಲಿ ಟೆಸ್ಟ್ ಯಾರು ಮಾಡ್ತಾರೆ? ನನ್ನ ಪೆಟ್ಟಿಗೇಲಿ ಟಿಂಚರು, ಹತ್ತಿ, ಬ್ಯಾಂಡೇಜು ಬಿಟ್ಟರೆ ಏನೂ ಇಲ್ಲ."

ಅಷ್ಟರಲ್ಲಿ ಕೊನೆಯ ಸುತ್ತಿನ ಗಂಟೆ ಹೊಡೆಯಿತು. ಮುಂದಿದ್ದವಳು ಬೇರೆ ಜಿಲ್ಲೆಯ ಹುಡುಗಿ. ಅವಳು ಗೆರೆ ದಾಟಿದಾಗ ನನ್ನ ಬೆರಳು ಅಭ್ಯಾಸಬಲದಿಂದ ವಾಚನ್ನು ಒತ್ತಿತು. ನೋಡಬಾರದು ಅಂದುಕೊಂಡೆ, ನೋಡಿದೆ. ನನ್ನ ಹುಡುಗಿ ಚಾಮರಾಜನಗರದ ಗುಂಡಿಬಿದ್ದ ಮೈದಾನದಲ್ಲಿ ಓಡಿದ್ದಕ್ಕಿಂತ ಹತ್ತು ಸೆಕೆಂಡು ಜಾಸ್ತಿ ತೋರಿಸುತ್ತಿತ್ತು. ವೈದ್ಯರು "ಕೂತ್ಕೊಳ್ಳಿ ಮೇಷ್ಟ್ರೇ" ಎಂದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಚಿಕಿತ್ಸೆ ಬೇಕಾದವನ ಹಾಗೆ ಕೂತೆ.

ಅಲ್ಲಿಂದಲೇ ಹಾಸ್ಟೆಲಿಗೆ ಆಯ್ಕೆ ಮಾಡುವವರ ಹತ್ತಿರ ಹೋದೆ. ಒಂದು ಸಲ ಓಡಿಸಿ ನೋಡಿ ಎಂದು ಅಂಗಲಾಚಿದೆ. "ಅನಾರೋಗ್ಯ ಅಂತ ನೀವೇ ಬರೆದಿದ್ದೀರಲ್ಲ? ಮುಂದಿನ ವರ್ಷ ಕರೆತನ್ನಿ" ಎಂದರು. ಮುಂದಿನ ವರ್ಷಕ್ಕೆ ಅವಳಿಗೆ ವಯಸ್ಸಿನ ಮಿತಿ ದಾಟುತ್ತಿತ್ತು.

ಗುಂಡ್ಲುಪೇಟೆಗೆ ಬಂದವನು ಯಾರಿಗೂ ಏನೂ ಹೇಳಲಿಲ್ಲ. ಹಲಗೆಯ ಮೇಲೆ ಲೆಕ್ಕ ಹಾಗೇ ಇತ್ತು. ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ. ಹುಡುಗಿ ಶಾಲೆಗೆ ಬರುತ್ತಿರಲಿಲ್ಲ. ನಾಳೆ ಹೋಗಿ ಕರೆದರಾಯಿತು ಎಂದು ದಿನ ದೂಡುತ್ತಿದ್ದೆ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಎಲ್ಲರ ಪಾಲಿಗೆ ನಾನು ಅವಳನ್ನು ನಿಷೇಧದಿಂದ ಕಾಪಾಡಿದ ಮೇಷ್ಟ್ರಾಗಿಯೇ ಉಳಿಯುತ್ತಿದ್ದೆ. ಉಳಿಯುವ ಆಸೆಯೂ ಇತ್ತು.

ಅದನ್ನು ಕೆಡಿಸಿದವರು ಕೂಲ್‌ಡ್ರಿಂಕ್ಸ್ ಅಂಗಡಿಯ ಭಾಯಿ. ಈ ಸಲ ಅವರು ಕೂಗಲಿಲ್ಲ, ಎದ್ದು ಬಂದು ಪಕ್ಕಕ್ಕೆ ಕರೆದರು.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಭೀಮನಬೀಡ್ ಕಡೆ ಹೋಗಿದ್ದೆ. ಆ ಹುಡ್ಗಿ ಮೇಲೆ ಏನೇನೋ ಮಾತು ನಡೀತಾ ಅದೆ. ಸ್ಟೇಷನ್ನಿಂದ ವಾಪಸ್ ಕಳ್ಸಿದ್ರಂತೆ, ಉಚ್ಚೆ ಟೆಸ್ಟ್‌ಗೆ ಹೆ‌ದ್ರುಕೊಂಡ್ರಂತೆ, ಹುಷಾರಿಲ್ಲ ಅಂತ ಬರೆದ್ರಂತೆ. ಮದ್ವೆ ಆಗ್ದಿರೋ ಹುಡ್ಗೀಗೆ ಆ ಟೆಸ್ಟು ಅಂದ್ರೆ ಜನ ಏನಂತ ತಿಳ್ಕೋತಾರೆ, ನೀವೇ ಹೇಳಿ. ಅಕ್ಕನ್ ಗಂಡನ್ ಮನೆಯೋರು, ಆ ತಂಗಿ ನಮ್ ಮನೆ ಹೊಸ್ಲು ತುಳಿಯೋದ್ ಬ್ಯಾಡ ಅಂದವ್ರಂತೆ. ನಂಗೂ ಹೆಣ್ಮಕ್ಳವ್ರೆ, ಅದಕ್ಕೇ ಹೇಳ್ದೆ."

ಹಲಗೆಯ ಮೇಲೆ ಬರೆಯಲಿಲ್ಲ, ಹುಡುಗಿಗೆ ನಾನೇ ಹೇಳಲಿಲ್ಲ, ಅಪ್ಪ ಕೇಳಿದಾಗ ಹೇಳಲಿಲ್ಲ. ಮರ್ಯಾದೆ ಮರ್ಯಾದೆ ಎಂದು ನಾನು ಬಿಟ್ಟುಬಿಟ್ಟ ಜಾಗವನ್ನೆಲ್ಲ ಊರು ತನಗೆ ತಿಳಿದಂತೆ ತುಂಬಿಕೊಂಡಿತ್ತು. ಓಟ ಹೋಯಿತು, ಹಾಸ್ಟೆಲ್ಲು ಹೋಯಿತು, ಈಗ ಅವಳ ಹೆಸರನ್ನೂ ಕೆಡಿಸಿಬಿಟ್ಟಿದ್ದೆ.

ಮುಖ್ಯೋಪಾಧ್ಯಾಯರಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ಆದದ್ದು ಆಗಿಹೋಯ್ತು. ಈಗ ಕೆದಕಿದರೆ ಶಾಲೆಯ ಮಾನವೂ ಹೋಗುತ್ತೆ. ಮಾತು ತಾನಾಗಿ ತಣ್ಣಗಾಗುತ್ತೆ, ಬಿಡಿ" ಎಂದರು. ನಾನು ಸ್ಟಾಫ್ ರೂಮಿಗೆ ಬಂದೆ. ಮೇಡಂಗಳೂ ಇದ್ದರು. ಸೀಮೆಸುಣ್ಣ ತೆಗೆದುಕೊಂಡು ನೂರಾ ಒಂದರ ಪಕ್ಕ 'ಬಾಟಲಿಯ' ಎಂದೂ ಹನ್ನೆರಡರ ಪಕ್ಕ 'ಮೂತ್ರದ' ಎಂದೂ ದಪ್ಪಕ್ಷರದಲ್ಲಿ ಬರೆದೆ. ಗಣಿತದ ಮೇಷ್ಟ್ರು ಅದನ್ನು ನೋಡಿದರು, ನನ್ನನ್ನು ನೋಡಿದರು, ಊಟದ ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿದರು. ಹಿಂದಿ ಮೇಡಂ ಅಳತೊಡಗಿದರು. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಭೀಮನಬೀಡಿಗೆ ಹೊರಟೆ.

ಮನೆಗೆ ಹೋಗಿ ಅಪ್ಪನ ಕೈ ಹಿಡಿದು ಬಂದುಬಿಡುವುದು ಸುಲಭವಿತ್ತು. ಆದರೆ ಮಾತು ಹುಟ್ಟಿದ್ದು ನಾಲ್ಕು ಜನರ ನಡುವೆ, ಅದನ್ನು ಅಲ್ಲೇ ಸಾಯಿಸಬೇಕು. ಊರಿನ ಎಲ್ಲ ಮನೆಯವರೂ ಒಟ್ಟಿಗೆ ಸಿಕ್ಕುವುದು ಡೈರಿಯ ಮುಂದೆ ಮಾತ್ರ. ನಾನು ಹೋದಾಗ ಕ್ಯಾನುಗಳ ಸಾಲು ನಿಂತಿತ್ತು. ಅಪ್ಪನೂ ಇದ್ದ. ಹುಡುಗಿ ಅವನ ಹಿಂದೆ ತಲೆಯ ಮೇಲೆ ಟವೆಲ್ಲು ಹೊದ್ದು ನಿಂತಿದ್ದಳು. ಅವಳ ಹಿಂದೆ ನಿಂತವರು ಒಂದು ಮಾರು ದೂರ ಬಿಟ್ಟು ನಿಂತಿದ್ದರು.

ಕೂಟದಲ್ಲಿ ಸೀಟಿ ಊದಿ ಸಾವಿರ ಜನರನ್ನು ಸುಮ್ಮನಾಗಿಸಿದವನು ನಾನು. ಅಲ್ಲಿ ಕಣ್ಣು ಮುಚ್ಚಿಕೊಂಡವನ ಹಾಗೆ ಶುರುಮಾಡಿದೆ.

"ನಾನು ಈ ಮಗೂನ ಯಾಕೆ ವಾಪಸ್ ಕಳಿಸಿದೆ ಅಂತ ಹೇಳೋಕೆ ಬಂದಿದ್ದೀನಿ. ಓಟಗಾರರ ಉಚ್ಚೆ ಟೆಸ್ಟ್ ಮಾಡೋದು ಬೇರೆ ಯಾವುದಕ್ಕೂ ಅಲ್ಲ, ಕಾಫಿಯಲ್ಲಿ, ಕಲರಲ್ಲಿ ಇರೋ ಮದ್ದು ಎಷ್ಟಿದೆ ಅಂತ ನೋಡೋಕೆ. ಗಂಡುಹುಡುಗರಿಗೂ ಮಾಡ್ತಾರೆ. ಇವಳು ಬೀಗರೂಟದಲ್ಲಿ ಕಲರ್ ಕುಡಿದಿದ್ಲು, ನಿಮ್ಮ ಮಕ್ಕಳೆಲ್ಲ ಕುಡಿದ ಹಾಗೇ. ನಾನು ಬಾಟ್ಲಿಯಲ್ಲಿ ಎಷ್ಟಿದೆ ಅಂತ ಅಳೆದು, ಉಚ್ಚೆಯಲ್ಲೂ ಅಷ್ಟೇ ಇರುತ್ತೆ ಅಂತ ಲೆಕ್ಕ ಹಾಕಿಬಿಟ್ಟೆ. ಹಸು ಮುಂದಿಟ್ಟ ಕಲಗಚ್ಚಿನ ಬಕೆಟ್ ನೋಡಿ, ಹಾಲು ಹಿಂಗೇ ಇರುತ್ತೆ ಅಂದ ಹಾಗೆ."

ಹೆಂಗಸರು ಸೆರಗು ಬಾಯಿಗೆ ಹಿಡಿದರು. ಯಾರೋ ಕಿಸಕ್ಕೆಂದರು. ಹಾಲಿನ ಡಿಗ್ರಿ ನೋಡುತ್ತಿದ್ದವನು ಕೈಕೆಲಸ ನಿಲ್ಲಿಸಿದ. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಜೋರಾಗಿ ಕೇಳಿದಳು: "ಅಂಗಾರೆ ಕೂಸ್ಗೆ ಏನೂ ಆಗಿರ್ನಿಲ್ವಾ?"

"ಏನೂ ಆಗಿರಲಿಲ್ಲ ಕಣವ್ವ. ಕೂಸಿನದು ಒಂದು ಚೂರೂ ತಪ್ಪಿಲ್ಲ. ತಪ್ಪೆಲ್ಲ ನಂದು. ಅವಳು ಅವತ್ತೇ ಸರಿಯಾಗಿ ಕೇಳಿದ್ಲು, ನಾನು ಬಾಯಿ ಮುಚ್ಚಿಸಿದೆ."

"ಮೇಷ್ಟ್ರಾಗಿ ಇಂಗ್ ಮಾಡ್ಬುಡದಾ!" ಎಂದಳು ಮುದುಕಿ. ಅವಳು ತನ್ನ ಕ್ಯಾನು ಎತ್ತಿಕೊಂಡು, ಖಾಲಿ ಬಿಟ್ಟಿದ್ದ ಆ ಒಂದು ಮಾರನ್ನು ದಾಟಿ, ಹುಡುಗಿಯ ಪಕ್ಕಕ್ಕೆ ಬಂದು ನಿಂತಳು. ಸಾಲು ನಿಧಾನವಾಗಿ ಅವಳ ಹಿಂದೆ ಸರಿದು ಕೂಡಿಕೊಂಡಿತು.

ಅಪ್ಪ ಹಾಲು ಸುರಿದು ಮುಗಿಸುವ ತನಕ ನನ್ನ ಕಡೆ ತಿರುಗಲಿಲ್ಲ. ಆಮೇಲೆ, "ಸ್ಟೇಸನ್ನಲ್ಲಿ ನಾನ್ ಕೇಳ್ದಾಗ್ಲೇ ಯೋಳ್ಬುಟ್ಟಿದ್ರೆ ಆಯ್ತಿತ್ತು ಸಾ" ಎಂದಷ್ಟೇ ಹೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹುಡುಗಿ ಟವೆಲ್ಲನ್ನು ತಲೆಯಿಂದ ಇಳಿಸಿ ಹೆಗಲಿಗೆ ಹಾಕಿಕೊಂಡಳು. ನಾನು ಅವಳ ಹತ್ತಿರ ಹೋದೆ. ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಅವಳೇ ಮೊದಲು ಕೇಳಿದಳು.

"ಗೆದ್ದೋಳ್ ಟೈಮ್ ಎಷ್ಟ್ ಸಾ?"

ಗೊತ್ತಿಲ್ಲ ಎನ್ನಬಹುದಿತ್ತು. ಅವಳಿಗೆ ಇನ್ನು ಒಂದು ವಿಷಯವನ್ನೂ ಬಚ್ಚಿಡುವ ಹಕ್ಕು ನನಗಿರಲಿಲ್ಲ.

"ನಿಂದಕ್ಕಿಂತ ಹತ್ತು ಸೆಕೆಂಡ್ ಜಾಸ್ತಿ."

ಅವಳ ತುಟಿ ಅಲುಗಾಡಿತು. ಓಟ ಮುಗಿಸಿದಾಗಲೆಲ್ಲ ಹಾಗೇ ಅಲುಗಾಡುತ್ತಿತ್ತು.

"ನಲ್ವತ್ ಮೀಟ್ರು. ನಾಕೂವರೆ ಇಡುದ್ರೆ ನಲ್ವತ್ತೈದು" ಎಂದಳು. ಮುಖ ಎತ್ತಿ ಕೇಳಿದಳು, "ಲೆಕ್ಕ ಸರೀನಾ ಸಾ?"

"ಸರಿ ಇದೆ ಕಣಮ್ಮ" ಎಂದೆ.

ಅವಳು ಖಾಲಿ ಕ್ಯಾನಿಗೆ ಮುಚ್ಚಳ ಹಾಕಿ, ಅದನ್ನು ಎತ್ತಿಕೊಂಡು, ಅಪ್ಪನ ಹಿಂದೆ ಮನೆಯ ದಾರಿ ಹಿಡಿದಳು. ನಾನು ತಿರುವಿನ ತನಕ ನೋಡುತ್ತಾ ನಿಂತೆ. ನಡೆದುಕೊಂಡೇ ಹೋದಳು.